ಸಂಕ್ರಾಂತಿ 14ಕ್ಕೋ 15ಕ್ಕೋ? ಜಾರುತ್ತಿರುವ ಹಬ್ಬದ ಲೆಕ್ಕ

2026ರ ಜನವರಿಯಲ್ಲಿ ಎಳ್ಳು ಬೆಲ್ಲ ಸಿದ್ಧವಾಗಿತ್ತು, ಬೀರುವ ದಿನ ಯಾವುದೆಂಬುದು ಮಾತ್ರ ನಿಶ್ಚಯವಾಗಿರಲಿಲ್ಲ. ಆಕಾಶದ ವೀಕ್ಷಣೆಗೆ ಹೊಂದುವಂತೆ ಲೆಕ್ಕ ಹಾಕುವ ದೃಗ್ಗಣಿತ ಪಂಚಾಂಗಗಳು ಸೂರ್ಯನು 14ರ ಬುಧವಾರ ಮಧ್ಯಾಹ್ನ ಸುಮಾರು 3 ಗಂಟೆ 13 ನಿಮಿಷಕ್ಕೆ ಮಕರ ರಾಶಿಯನ್ನು ಪ್ರವೇಶಿಸುವುದಾಗಿ ತಿಳಿಸಿದ್ದವು. ಸಾಂಪ್ರದಾಯಿಕ ಗಣಿತವನ್ನು ಅನುಸರಿಸುವ ಕೆಲವು ಪಂಚಾಂಗಗಳಲ್ಲಿ ಅದೇ ಪ್ರವೇಶ ಸೂರ್ಯಾಸ್ತದ ನಂತರಕ್ಕೆ ಬಿದ್ದಿತ್ತು. ಶಬರಿಮಲೆಯಲ್ಲಿ ಮಕರವಿಳಕ್ಕು 14ರಂದೇ ನಡೆಯಿತು. ಕರ್ನಾಟಕ ಸರ್ಕಾರದ ರಜಾಪಟ್ಟಿಯಲ್ಲಿ ಹಬ್ಬ 15ರ ಗುರುವಾರಕ್ಕಿತ್ತು. ತಮಿಳುನಾಡಿನ ಪೊಂಗಲ್ ರಜೆಯೂ 15ಕ್ಕೇ ಇತ್ತು. ಸಾಲದೆಂಬಂತೆ 14ರಂದು ಏಕಾದಶಿಯೂ ಬಂದಿದ್ದರಿಂದ, ಉಪವಾಸದ ದಿನ ಅನ್ನದ ಅಡುಗೆ ಹೇಗೆ ಎಂಬ ಪ್ರಶ್ನೆಯೂ ಸೇರಿಕೊಂಡಿತು.

ಚೌತಿ, ದೀಪಾವಳಿಗಳು ಚಂದ್ರನ ತಿಥಿಯನ್ನು ಅನುಸರಿಸುವುದರಿಂದ ಅವುಗಳ ದಿನಾಂಕ ಪ್ರತಿ ವರ್ಷ ಬದಲಾಗುವುದನ್ನು ನಾವು ಸಹಜವಾಗಿ ಒಪ್ಪಿಕೊಂಡಿದ್ದೇವೆ. ಆದರೆ ಸಂಕ್ರಾಂತಿ ಸೂರ್ಯನ ಹಬ್ಬ, ಜನವರಿ 14 ಎಂದರೆ ಸಂಕ್ರಾಂತಿ ಎಂದೇ ಎರಡು ಮೂರು ತಲೆಮಾರು ಕಲಿತಿದೆ. ಆದ್ದರಿಂದ ಇದರ ದಿನಾಂಕ ಕದಲಿದಾಗ ಯಾರೋ ಎಲ್ಲೋ ತಪ್ಪು ಮಾಡಿದ್ದಾರೆಂಬ ಅನುಮಾನ ಹುಟ್ಟುತ್ತದೆ. ತಪ್ಪು ಯಾರದ್ದೂ ಅಲ್ಲ. ಗೊಂದಲಕ್ಕೆ ಎರಡು ಪದರಗಳಿವೆ. ಮೇಲಿನ ಪದರ 14 ಮತ್ತು 15ರ ನಡುವಿನದು, ಅದನ್ನು ಕೂಡಿಸಿ ಕಳೆದು ಬಿಡಿಸಬಹುದು. ಅದರ ಕೆಳಗೆ ಇನ್ನೊಂದು ಇದೆ: ಸೂರ್ಯನು ಉತ್ತರಕ್ಕೆ ತಿರುಗುವುದು ಮತ್ತು ಸೂರ್ಯನು ಮಕರ ರಾಶಿಗೆ ಬರುವುದು ಎಂಬ ಎರಡು ಬೇರೆ ಬೇರೆ ಘಟನೆಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ, ಮತ್ತು ಅವೆರಡೂ ಈಗ ಇಪ್ಪತ್ತನಾಲ್ಕು ದಿನಗಳಷ್ಟು ದೂರವಾಗಿವೆ.

ಪ್ರವೇಶದ ಗಳಿಗೆ, ಆಚರಣೆಯ ದಿನ

ಸಂಕ್ರಮಣವೆಂಬುದು ಒಂದು ಕ್ಷಣ, ಹಬ್ಬವೆಂಬುದು ಒಂದು ದಿನ. ಕ್ಷಣವನ್ನು ದಿನವಾಗಿ ಬದಲಿಸಲು ನಿಯಮ ಬೇಕು. ಧರ್ಮಶಾಸ್ತ್ರದ ನಿರ್ಣಯ ಗ್ರಂಥಗಳು ಕರ್ಕಾಟಕ ಸಂಕ್ರಮಣಕ್ಕೆ ಪ್ರವೇಶಕ್ಕಿಂತ ಮುಂಚಿನ ಗಳಿಗೆಗಳನ್ನೂ, ಮಕರ ಸಂಕ್ರಮಣಕ್ಕೆ ಪ್ರವೇಶದ ನಂತರದ ಗಳಿಗೆಗಳನ್ನೂ ಪುಣ್ಯಕಾಲವೆಂದು ಗುರುತಿಸುತ್ತವೆ. ಸ್ನಾನ, ದಾನ, ತರ್ಪಣಗಳು ಹಗಲಿನ ಕರ್ಮಗಳಾದ್ದರಿಂದ, ಪ್ರವೇಶ ಸೂರ್ಯಾಸ್ತದ ನಂತರ ಆದರೆ ಪುಣ್ಯಕಾಲ ಮರುದಿನಕ್ಕೆ ಹೋಗುತ್ತದೆ. 2023ರಲ್ಲಿ ಆದದ್ದು ಇದೇ. ಆ ವರ್ಷ ಪ್ರವೇಶ 14ರ ರಾತ್ರಿ 9 ಗಂಟೆಯ ಹೊತ್ತಿಗಿತ್ತು, ಹಬ್ಬ 15ಕ್ಕೆ ಬಂತು.

ಸೌರಮಾಸದ ಮೊದಲ ದಿನವನ್ನು ಗೊತ್ತುಪಡಿಸುವ ನಿಯಮವೂ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಬಗೆ. ಒಡಿಶಾದಲ್ಲಿ ಪ್ರವೇಶವಾದ ದಿನವೇ ಮಾಸದ ಮೊದಲ ದಿನ. ತಮಿಳರಲ್ಲಿ ಪ್ರವೇಶ ಸೂರ್ಯಾಸ್ತಕ್ಕೆ ಮುಂಚೆ ಇರಬೇಕು. ಕೇರಳದಲ್ಲಿ ಗಡಿ ಅಪರಾಹ್ಣಕ್ಕೇ ಮುಗಿಯುತ್ತದೆ. ಬಂಗಾಳದಲ್ಲಿ ಮಧ್ಯರಾತ್ರಿಯನ್ನು ನೋಡುತ್ತಾರೆ. ಹೀಗಾಗಿ ಪ್ರವೇಶದ ಹೊತ್ತಿನ ಬಗ್ಗೆ ಎಲ್ಲರೂ ಒಪ್ಪಿದರೂ ದಿನದ ಬಗ್ಗೆ ಒಪ್ಪಬೇಕೆಂದಿಲ್ಲ. ಚಾಂದ್ರಮಾನವನ್ನು ಅನುಸರಿಸುವ ನಮ್ಮ ಬಯಲುಸೀಮೆಯವರಿಗೆ ಇದು ವರ್ಷಕ್ಕೊಮ್ಮೆ ಎದುರಾಗುವ ಪ್ರಶ್ನೆ; ಸೌರಮಾನದ ತುಳುನಾಡಿನಲ್ಲಿ ಪ್ರತಿ ತಿಂಗಳ ಸಂಕ್ರಮಣಕ್ಕೂ ಇದನ್ನು ಲೆಕ್ಕ ಹಾಕಲೇಬೇಕು.

ಪ್ರವೇಶದ ಹೊತ್ತಿನಲ್ಲಿಯೇ ಪಂಚಾಂಗಗಳು ಬೇರೆಯಾಗುವುದಕ್ಕೆ ಕಾರಣ ಗಣಿತದ ಮೂಲ. ದೃಗ್ಗಣಿತ ಪಂಚಾಂಗಗಳು ಇಂದಿನ ಖಗೋಳ ವೀಕ್ಷಣೆಗೆ ಹೊಂದುವ ಮಾನಗಳನ್ನು ಬಳಸುತ್ತವೆ. ಸೂರ್ಯಸಿದ್ಧಾಂತವನ್ನು ಅನುಸರಿಸುವ ಪಂಚಾಂಗಗಳು ಆ ಗ್ರಂಥದ ವರ್ಷಮಾನವನ್ನು, ಅಂದರೆ 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡುಗಳ ಮಾನವನ್ನು ಉಳಿಸಿಕೊಂಡಿವೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನು ಒಂದು ಸುತ್ತು ಬರಲು ವಾಸ್ತವವಾಗಿ ಬೇಕಾಗುವುದು 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. ಒಂದೂವರೆ ಸಾವಿರ ವರ್ಷಗಳ ಹಿಂದೆ ದೂರದರ್ಶಕವಿಲ್ಲದೆ ಕಂಡುಕೊಂಡ ಮಾನ ಇಂದಿನದಕ್ಕಿಂತ ಮೂರೂವರೆ ನಿಮಿಷದಷ್ಟೇ ಹೆಚ್ಚು ಎಂಬುದು ಸಣ್ಣ ಸಾಧನೆಯಲ್ಲ. ಆದರೂ ಈ ವ್ಯತ್ಯಾಸ ಮತ್ತು ಸೂರ್ಯನ ಸ್ಥಾನವನ್ನು ಎಣಿಸುವ ಕ್ರಮದ ವ್ಯತ್ಯಾಸ ಸೇರಿ ಇಂದು ಪ್ರವೇಶದ ಹೊತ್ತಿನಲ್ಲಿ ಗಂಟೆಗಳ ಅಂತರ ತರುತ್ತವೆ. ಪ್ರವೇಶ ನಡುಹಗಲಿನಲ್ಲಿ ಬಿದ್ದ ವರ್ಷ ಆ ಅಂತರದಿಂದ ಯಾರಿಗೂ ತೊಂದರೆಯಾಗುವುದಿಲ್ಲ. 2026ರಂತೆ ಸಂಜೆಯ ಅಂಚಿಗೆ ಬಿದ್ದ ವರ್ಷ ಅದೇ ಅಂತರ ಒಂದು ಇಡೀ ದಿನದ ಭಿನ್ನಾಭಿಪ್ರಾಯವಾಗುತ್ತದೆ.

ಪ್ರತಿ ವರ್ಷ ಆರು ಗಂಟೆ ಮುಂದಕ್ಕೆ

ಗೋಡೆಯ ಮೇಲಿನ ಕ್ಯಾಲೆಂಡರಿನ ಸಾಮಾನ್ಯ ವರ್ಷಕ್ಕೆ ಪೂರ್ಣ 365 ದಿನ. ಸಂಕ್ರಮಣಕ್ಕೆ ಇನ್ನೂ 6 ಗಂಟೆ 9 ನಿಮಿಷ ಹೆಚ್ಚು ಬೇಕು. ಆದ್ದರಿಂದ ಪ್ರವೇಶ ಪ್ರತಿ ವರ್ಷ ಅಷ್ಟು ತಡವಾಗುತ್ತ ಹೋಗುತ್ತದೆ. ಫೆಬ್ರವರಿಗೆ 29ನೆಯ ದಿನ ಸೇರಿದಾಗ ಮುಂದಿನ ಸಂಕ್ರಮಣ 24 ಗಂಟೆ ಹಿಂದಕ್ಕೆ ಬರುತ್ತದೆ. ಇತ್ತೀಚಿನ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2024ರಲ್ಲಿ ಪ್ರವೇಶ ಜನವರಿ 15ರ ನಸುಕಿನ 3 ಗಂಟೆಯ ಆಸುಪಾಸಿನಲ್ಲಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಅಧಿಕ ದಿನ ಬಂದದ್ದರಿಂದ 2025ರ ಪ್ರವೇಶ 14ರ ಬೆಳಿಗ್ಗೆ 9 ಗಂಟೆಗೆ ಆಯಿತು, ಯಾರಿಗೂ ಗೊಂದಲವಾಗಲಿಲ್ಲ. 2026ರಲ್ಲಿ ಅದು ಮಧ್ಯಾಹ್ನ ಮೂರೂಕಾಲರ ಹತ್ತಿರ ಬಂತು. 2027ರಲ್ಲಿ 14ರ ರಾತ್ರಿ ಸುಮಾರು 9 ಗಂಟೆ 20 ನಿಮಿಷಕ್ಕೆ ಆಗಲಿದ್ದು, ಹಬ್ಬ 15ಕ್ಕೆ ಸೇರುತ್ತದೆ. 2028ರಲ್ಲಿ 15ರ ನಸುಕಿಗೆ. 2029ರಲ್ಲಿ ಮತ್ತೆ 14ರ ಬೆಳಿಗ್ಗೆ.

ನಾಲ್ಕು ವರ್ಷಕ್ಕೊಮ್ಮೆ ಇದೇ ಸರದಿ ಮರುಕಳಿಸಿದರೂ, ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುವುದಿಲ್ಲ. ಆರು ಗಂಟೆಯ ಮೇಲಿನ ಆ 9 ನಿಮಿಷ ಉಳಿದುಕೊಳ್ಳುತ್ತದೆ. ನಾಲ್ಕು ವರ್ಷಕ್ಕೆ ಸುಮಾರು 37 ನಿಮಿಷ, ಒಂದು ಶತಮಾನಕ್ಕೆ 15 ಗಂಟೆಗೂ ಹೆಚ್ಚು. ಇದರ ಜೊತೆಗೆ 1900, 2100ರಂತಹ, 400ರಿಂದ ಭಾಗವಾಗದ ಶತಮಾನದ ವರ್ಷಗಳಲ್ಲಿ ಫೆಬ್ರವರಿ 29 ಇರುವುದಿಲ್ಲವಾದ್ದರಿಂದ, ಅಲ್ಲಿ ಸಂಕ್ರಮಣ ಒಮ್ಮೆಲೇ ಒಂದು ದಿನ ಮುಂದಕ್ಕೆ ಜಿಗಿಯುತ್ತದೆ.

72 ವರ್ಷದ ಸಂದೇಶದಲ್ಲಿ ಎಷ್ಟು ನಿಜ

ಪ್ರತಿ ಜನವರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸಂದೇಶವೊಂದಿದೆ: 72 ವರ್ಷಕ್ಕೊಮ್ಮೆ ಸಂಕ್ರಾಂತಿ ಒಂದು ದಿನ ಮುಂದೆ ಹೋಗುತ್ತದೆ, 2008ರಿಂದ 2080ರವರೆಗೆ ಹಬ್ಬ ಯಾವಾಗಲೂ ಜನವರಿ 15ಕ್ಕೇ. ಇದರ ಮೊದಲ ಭಾಗ ಸರಾಸರಿಯ ಲೆಕ್ಕದಲ್ಲಿ ಸರಿ. ಎರಡನೆಯ ಭಾಗ ಸರಿಯಲ್ಲ, 2025ರ ಬೆಳಗಿನ ಪ್ರವೇಶವೇ ಅದಕ್ಕೆ ಉತ್ತರ. ಜಾರುವಿಕೆ ಮೆಟ್ಟಿಲಿನಂತೆ 72 ವರ್ಷಕ್ಕೊಮ್ಮೆ ಒಂದು ಹೆಜ್ಜೆ ಇಡುವುದಿಲ್ಲ. ನಾಲ್ಕು ವರ್ಷದ ಏರಿಳಿತದೊಳಗೆ ನಿಧಾನವಾಗಿ ತೆವಳುತ್ತದೆ, ಶತಮಾನದ ಕೊನೆಗೆ ಒಮ್ಮೆ ಜಿಗಿಯುತ್ತದೆ.

ಈ ತೆವಳುವಿಕೆಯ ಗುರುತು ನಮಗೆಲ್ಲ ಗೊತ್ತಿರುವ ಒಂದು ದಿನಾಂಕದಲ್ಲಿಯೇ ಇದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಆದರೆ ಅವರ ಜನ್ಮದಿನವನ್ನು, ಅಂದರೆ ರಾಷ್ಟ್ರೀಯ ಯುವದಿನವನ್ನು, ನಾವು ಜನವರಿ 12ಕ್ಕೆ ಆಚರಿಸುತ್ತೇವೆ. 1863ರಲ್ಲಿ ಸಂಕ್ರಾಂತಿ ಬಂದದ್ದೇ ಜನವರಿ 12ಕ್ಕೆ. ದಿನಾಂಕ ನಿಂತಲ್ಲೇ ನಿಂತಿತು, ಹಬ್ಬ ಎರಡು ಮೂರು ದಿನ ಮುಂದೆ ಸರಿಯಿತು. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಉಂಟು. 1761ರ ಜನವರಿ 14ರಂದು ನಡೆದ ಮೂರನೆಯ ಪಾಣಿಪತ್ ಯುದ್ಧ ಸಂಕ್ರಾಂತಿಯ ದಿನ ನಡೆಯಿತೆಂದು ಮತ್ತೆ ಮತ್ತೆ ಬರೆಯುವುದನ್ನು ಕಾಣುತ್ತೇವೆ. ಇಂದಿನ ದಿನಾಂಕವನ್ನು ಅಂದಿಗೆ ಹೊಂದಿಸಿದ್ದರಿಂದ ಆದ ತಪ್ಪು ಇದು. ಲೆಕ್ಕ ಹಾಕಿದರೆ ಆ ವರ್ಷದ ಸಂಕ್ರಮಣ ಜನವರಿ 10ರ ಸುಮಾರಿಗೆ ಬರುತ್ತದೆ. ಯುದ್ಧದ ಹೊತ್ತಿಗೆ ಹಬ್ಬ ಮುಗಿದು ದಿನಗಳಾಗಿದ್ದವು.

ಬುಗುರಿಯಂತೆ ತೂಗುವ ಭೂಮಿ

ಕ್ಯಾಲೆಂಡರ್ ವರ್ಷ ಸರಾಸರಿಯಲ್ಲಿ 365.2425 ದಿನ, ಸಂಕ್ರಮಣದ ವರ್ಷ 365.2564 ದಿನ. ಎರಡೂ ಸೂರ್ಯನ ವರ್ಷಗಳೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ವರ್ಷವನ್ನು ಎರಡು ಬಗೆಯಲ್ಲಿ ಅಳೆಯಬಹುದು ಎಂಬುದೇ ಇದರ ಉತ್ತರ. ಒಂದು ನಕ್ಷತ್ರದ ಬಳಿಯಿಂದ ಹೊರಟ ಸೂರ್ಯ ಮತ್ತೆ ಅದೇ ನಕ್ಷತ್ರದ ಬಳಿಗೆ ಬರುವ ಅವಧಿ ನಾಕ್ಷತ್ರಿಕ ವರ್ಷ. ಹಗಲು ರಾತ್ರಿ ಸಮವಾಗುವ ವಸಂತ ವಿಷುವದಿಂದ ಮುಂದಿನ ವಸಂತ ವಿಷುವದವರೆಗಿನದು ಋತುವರ್ಷ. ಋತುವರ್ಷ ನಾಕ್ಷತ್ರಿಕ ವರ್ಷಕ್ಕಿಂತ 20 ನಿಮಿಷ 24 ಸೆಕೆಂಡು ಚಿಕ್ಕದು. ಕಚೇರಿಯ ಕ್ಯಾಲೆಂಡರನ್ನು ಋತುವರ್ಷಕ್ಕೆ ಹೊಂದಿಸಲಾಗಿದೆ, ಪಂಚಾಂಗದ ರಾಶಿಗಳು ನಕ್ಷತ್ರಗಳಿಗೆ ಅಂಟಿಕೊಂಡಿವೆ.

ವ್ಯತ್ಯಾಸಕ್ಕೆ ಕಾರಣ ಭೂಮಿಯ ಆಕಾರ. ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ಸುತ್ತ ಉಬ್ಬಿದ್ದು, ಅಲ್ಲಿನ ತ್ರಿಜ್ಯ ಧ್ರುವಗಳ ಕಡೆಯದಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ವಾಲಿ ತಿರುಗುತ್ತಿರುವ ಭೂಮಿಯ ಈ ಉಬ್ಬನ್ನು ಚಂದ್ರ ಮತ್ತು ಸೂರ್ಯ ಸೆಳೆಯುತ್ತಿರುವುದರಿಂದ, ವೇಗ ಕುಂದಿದ ಬುಗುರಿಯ ಮೊಳೆ ಹೇಗೆ ತೂಗುತ್ತ ವೃತ್ತ ಬರೆಯುತ್ತದೆಯೋ ಹಾಗೆ ಭೂಮಿಯ ಅಕ್ಷವೂ ಆಕಾಶದಲ್ಲಿ ವೃತ್ತ ಬರೆಯುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ ಬೇಕು. ಅಕ್ಷ ತೋರಿಸುವ ದಿಕ್ಕು ಬದಲಾದಂತೆ ಧ್ರುವ ನಕ್ಷತ್ರವೂ ಬದಲಾಗುತ್ತದೆ: ಈಜಿಪ್ಟಿನ ಪಿರಮಿಡ್ಡುಗಳ ಕಾಲದಲ್ಲಿ ಉತ್ತರ ಧ್ರುವಕ್ಕೆ ಹತ್ತಿರವಿದ್ದದ್ದು ಥೂಬನ್ ಎಂಬ ನಕ್ಷತ್ರ, ಇನ್ನು 12,000 ವರ್ಷಗಳಾದ ಮೇಲೆ ಆ ಕಡೆಗೆ ಬರುವುದು ಅಭಿಜಿತ್. ಅದರೊಂದಿಗೆ ವಿಷುವ ಬಿಂದುವೂ ವರ್ಷಕ್ಕೆ 50 ವಿಕಲೆಗಳಷ್ಟು (3,600 ವಿಕಲೆ ಸೇರಿದರೆ ಒಂದು ಅಂಶ, ಅಂದರೆ ಒಂದು ಡಿಗ್ರಿ) ಪಶ್ಚಿಮಕ್ಕೆ, ಅಂದರೆ ಸೂರ್ಯನಿಗೆ ಎದುರಾಗಿ ಸರಿಯುತ್ತದೆ. ಎದುರು ಬಂದವರನ್ನು ಬೇಗ ಭೇಟಿಯಾಗುವಂತೆ ಸೂರ್ಯನೂ ಆ ಬಿಂದುವನ್ನು 20 ನಿಮಿಷ ಮೊದಲೇ ಮುಟ್ಟುತ್ತಾನೆ. ಇದನ್ನು ನಮ್ಮ ಜ್ಯೋತಿರ್ಗಣಿತದಲ್ಲಿ ಅಯನ ಚಲನೆ ಎನ್ನುತ್ತಾರೆ. ಈವರೆಗೆ ಸರಿದ ಒಟ್ಟು ದೂರವೇ ಅಯನಾಂಶ. ಭಾರತ ಸರ್ಕಾರ ಒಪ್ಪಿರುವ ಲಾಹಿರಿ ಮಾನದಲ್ಲಿ ಅದು ಈಗ 24 ಅಂಶಕ್ಕಿಂತ ಸ್ವಲ್ಪ ಹೆಚ್ಚು.

ಸೂರ್ಯ ದಿನಕ್ಕೆ ಸುಮಾರು ಒಂದು ಅಂಶ ಚಲಿಸುತ್ತಾನಾದ್ದರಿಂದ 24 ಅಂಶವೆಂದರೆ ಹೆಚ್ಚುಕಡಿಮೆ 24 ದಿನ. ಸೂರ್ಯನು ದಕ್ಷಿಣದ ತುತ್ತತುದಿ ಮುಟ್ಟಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು. ನಕ್ಷತ್ರಗಳ ಲೆಕ್ಕದ ಮಕರ ರಾಶಿಯನ್ನು ಪ್ರವೇಶಿಸುವುದು ಜನವರಿ 14ರ ಸುಮಾರಿಗೆ. ಲಾಹಿರಿ ಮಾನದ ಪ್ರಕಾರ ಇವೆರಡೂ ಒಂದೇ ದಿನ ಬರುತ್ತಿದ್ದದ್ದು ಕ್ರಿಸ್ತಶಕ 285ರ ಸುಮಾರಿನಲ್ಲಿ. ಅಂದು ಮಕರ ಸಂಕ್ರಾಂತಿಯೇ ಉತ್ತರಾಯಣವಾಗಿತ್ತು. ಮುಂದೆ ಸಂಕ್ರಾಂತಿ ನಕ್ಷತ್ರಗಳ ಜೊತೆ ಹೋಯಿತು, ಉತ್ತರಾಯಣ ಋತುಗಳ ಜೊತೆ ಉಳಿಯಿತು. ಹೆಸರು ಮಾತ್ರ ಬೇರೆಯಾಗಲಿಲ್ಲ.

ಸಂಕ್ರಾಂತಿಯಿಂದ ಹಗಲು ಬೆಳೆಯತೊಡಗುತ್ತದೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಇರುವುದು ಈ ಕಾರಣಕ್ಕೇ. ಹಗಲು ಬೆಳೆಯತೊಡಗಿ ಆಗಲೇ ಮೂರು ವಾರ ಕಳೆದಿರುತ್ತದೆ. ಆದರೂ ಬೆಂಗಳೂರಿನಲ್ಲಿ ಬೇಗ ಏಳುವವರಿಗೆ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ಅಲ್ಲಿ ಸೂರ್ಯೋದಯ ಜನವರಿಯ ಕೊನೆಯ ವಾರದ ತನಕ ದಿನೇ ದಿನೇ ತಡವಾಗುತ್ತಲೇ ಹೋಗುತ್ತದೆ. ಹಗಲಿಗೆ ಸೇರುವ ನಿಮಿಷಗಳೆಲ್ಲ ಸಂಜೆಯ ಕಡೆ ಸೇರುತ್ತವೆ.

ವರಾಹಮಿಹಿರನು ಬರೆದಿಟ್ಟದ್ದು

ಈ ಜಾರುವಿಕೆ ಹೊರಗಿನವರು ಹೇಳಿಕೊಟ್ಟ ಹೊಸ ವಿಷಯವೇನಲ್ಲ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಆದಿತ್ಯಚಾರ ಅಧ್ಯಾಯದ ಆರಂಭದಲ್ಲಿಯೇ ಇದನ್ನು ಎತ್ತಿಕೊಳ್ಳುತ್ತಾನೆ. ಹಿಂದಿನ ಶಾಸ್ತ್ರಗಳು ಹೇಳಿರುವುದರಿಂದ, ಆಶ್ಲೇಷಾ ನಕ್ಷತ್ರದ ನಡುವಿನಲ್ಲಿ ದಕ್ಷಿಣಾಯನವೂ ಧನಿಷ್ಠೆಯ ಆದಿಯಲ್ಲಿ ಉತ್ತರಾಯಣವೂ ಒಂದು ಕಾಲದಲ್ಲಿ ನಿಶ್ಚಯವಾಗಿ ಆಗುತ್ತಿದ್ದಿರಬೇಕು. ಈಗ ಅವು ಕರ್ಕಾಟಕದ ಆದಿಯಲ್ಲಿ ಮತ್ತು ಮಕರದ ಆದಿಯಲ್ಲಿ ಆಗುತ್ತಿವೆ ಎಂಬುದು ಅವನ ಮಾತಿನ ಸಾರ. ಇದು ಸರಿಯೋ ಅಲ್ಲವೋ ಎಂದು ಸ್ವತಃ ನೋಡಿ ತಿಳಿಯುವ ವಿಧಾನವನ್ನೂ ಮುಂದಿನ ಶ್ಲೋಕದಲ್ಲಿ ಕೊಡುತ್ತಾನೆ: ಉದಯಾಸ್ತಗಳ ಹೊತ್ತಿನಲ್ಲಿ ಸೂರ್ಯನನ್ನು ದೂರದ ಗುರುತೊಂದಕ್ಕೆ ಹೊಂದಿಸಿ ನೋಡಬೇಕು, ಇಲ್ಲವೇ ದೊಡ್ಡ ವೃತ್ತ ಬರೆದು ನೆರಳು ಒಳಬರುವ ಮತ್ತು ಹೊರಹೋಗುವ ಜಾಗಗಳನ್ನು ಗುರುತಿಸಬೇಕು. ಶಾಸ್ತ್ರದ ಮಾತನ್ನು ಗೌರವಿಸುತ್ತಲೇ ಆಕಾಶವನ್ನು ನೋಡಿ ತಿದ್ದಿಕೊಳ್ಳುವ ಈ ನಿಲುವು ಇಂದಿನ ಚರ್ಚೆಯಲ್ಲಿ ಎರಡೂ ಕಡೆಯವರಿಗೆ ಆಧಾರವಾಗಬಲ್ಲದು ಎಂದು ನನಗೆ ತೋರುತ್ತದೆ.

ಅಯನ ಚಲನೆ ಗೊತ್ತಿದ್ದೂ ಪಂಚಾಂಗವನ್ನು ತಿದ್ದಲಿಲ್ಲವೇಕೆ? ಅದಕ್ಕೊಂದು ಬಲವಾದ ಕಾರಣ ಸೂರ್ಯಸಿದ್ಧಾಂತದಲ್ಲಿಯೇ ಸಿಗುತ್ತದೆ. ಅದರ ಪ್ರಕಾರ ಈ ಚಲನೆ ಒಂದೇ ದಿಕ್ಕಿನದಲ್ಲ, ತೊಟ್ಟಿಲಿನ ತೂಗಾಟದಂತಹುದು: 27 ಅಂಶದವರೆಗೆ ಒಂದು ಕಡೆ ಹೋಗಿ, ತಿರುಗಿ ಬಂದು, ಮತ್ತೊಂದು ಕಡೆಗೆ 27 ಅಂಶ ಹೋಗುತ್ತದೆ. ವರ್ಷಕ್ಕೆ 54 ವಿಕಲೆಯ ಅದರ ಗತಿಯಂತೆ, ಕ್ರಿಸ್ತಶಕ 499ರಲ್ಲಿ ಸೊನ್ನೆಯಿಂದ ಹೊರಟ ಅಯನಾಂಶ 1,800 ವರ್ಷಗಳಾದ ಮೇಲೆ, ಅಂದರೆ 2299ರ ಸುಮಾರಿಗೆ, ತುದಿ ಮುಟ್ಟಿ ಹಿಂದಿರುಗಬೇಕು. ತಾನಾಗಿಯೇ ಹಿಂದಿರುಗುವುದಾದರೆ ತಿದ್ದುವ ಅಗತ್ಯವಾದರೂ ಏನು? ಈ ಲೆಕ್ಕವನ್ನು ನಂಬಿದವರ ನಿಶ್ಚಿಂತೆ ಅರ್ಥವಾಗುವಂತಹುದು. ನಮ್ಮ ಜ್ಯೋತಿಷಿಗಳೆಲ್ಲರೂ ಇದನ್ನು ಒಪ್ಪಿದ್ದರೆಂದೂ ಅಲ್ಲ. 10ನೆಯ ಶತಮಾನದ ಮುಂಜಾಲನು ಚಲನೆ ಒಂದೇ ದಿಕ್ಕಿನಲ್ಲಿ ಪೂರ್ಣ ಸುತ್ತು ಬರುತ್ತದೆಂದು ಎಣಿಸಿದ್ದನು. ಆತನ ಎಣಿಕೆಯೇ ಸರಿ ಎಂಬುದು ಮುಂದೆ ಖಚಿತವಾಯಿತು. 1687ರಲ್ಲಿ ನ್ಯೂಟನ್ ವಿವರಿಸಿದಂತೆ ಇದು ಗುರುತ್ವದ ಸೆಳೆತದ ಫಲವಾದ್ದರಿಂದ, ಭೂಮಿಯ ಉಬ್ಬು ಇರುವ ತನಕ, ಚಂದ್ರ ಸೂರ್ಯರು ಸೆಳೆಯುವ ತನಕ, ಅದು ತಿರುಗಿ ಬರುವುದಿಲ್ಲ.

ಗವಿಪುರದ ಬೆಳಕು

ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಶಿವಲಿಂಗವನ್ನು ಮುಟ್ಟುವುದನ್ನು ನೋಡಲು ಪ್ರತಿ ವರ್ಷ ಜನ ಸೇರುತ್ತಾರೆ. ಸೂರ್ಯ ಮಕರಕ್ಕೆ ಬಂದುದರ ಫಲವೇ ಈ ಬೆಳಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಬಿಸಿಲಿನ ಕೋನಕ್ಕೆ ರಾಶಿಯ ಸಂಬಂಧವಿಲ್ಲ. ಸೂರ್ಯ ಸಮಭಾಜಕದಿಂದ ದಕ್ಷಿಣಕ್ಕೆ ಎಷ್ಟು ದೂರದಲ್ಲಿದ್ದಾನೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ದಕ್ಷಿಣದ ತುದಿಗೆ ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ, ಸೂರ್ಯ ಅದೇ ದೂರದಲ್ಲಿರುತ್ತಾನೆ. ಹಾಗಾದರೆ ಬೆಳಕು ವರ್ಷಕ್ಕೆ ಎರಡು ಸಲ ಬರಬೇಕು.

ಬರುತ್ತದೆ. ಬೆಂಗಳೂರಿನ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ದೇವಾಲಯವನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬೆಳಕು ಲಿಂಗವನ್ನು ಮುಟ್ಟುವುದು ಜನವರಿ 13ರಿಂದ 16ರವರೆಗೆ ಮತ್ತು ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ. ಈ ಎರಡು ಅವಧಿಗಳ ನಟ್ಟನಡುವಿನ ದಿನವನ್ನು ಎಣಿಸಿದರೆ ಡಿಸೆಂಬರ್ 22 ಸಿಗುತ್ತದೆ. ಬೆಳಕು ಅನುಸರಿಸುತ್ತಿರುವುದು ನಿಜವಾದ ಉತ್ತರಾಯಣವನ್ನೇ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ 1790ರ ದಶಕದಲ್ಲಿ ಬರೆದ ಈ ದೇವಾಲಯದ ಚಿತ್ರಗಳನ್ನು ಇಂದಿನ ರಚನೆಗೆ ಹೋಲಿಸಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಆಗ ದೇವಾಲಯದ ಸುತ್ತ ಕಟ್ಟಡಗಳು ಕಡಿಮೆಯಿದ್ದವು, ಬೆಳಕು ಅಯನಗಳ ಕೊನೆಯ ದಿನಗಳಲ್ಲಿ ಗರ್ಭಗುಡಿಯನ್ನು ತಲುಪುವಂತಿತ್ತು.

ಮೂರು ನಿಲುವುಗಳು

ಮುಂದೇನು ಮಾಡಬೇಕೆಂಬ ಬಗ್ಗೆ ಮುಖ್ಯವಾಗಿ ಮೂರು ಅಭಿಪ್ರಾಯಗಳಿವೆ.

ನಿರಯನ ಪಕ್ಷದವರು, ಅಂದರೆ ರಾಶಿಗಳನ್ನು ನಕ್ಷತ್ರಗಳಿಂದ ಎಣಿಸುವವರು, ಈಗಿರುವಂತೆಯೇ ಇರಲಿ ಎನ್ನುತ್ತಾರೆ. ಮಾಸಗಳ ಹೆಸರುಗಳು ನಕ್ಷತ್ರಗಳಿಂದ ಬಂದವು, ಜಾತಕ ಮುಹೂರ್ತಗಳೆಲ್ಲ ನಕ್ಷತ್ರಗಳನ್ನೇ ಆಧರಿಸಿವೆ. ರಾಶಿಯನ್ನು ನಕ್ಷತ್ರದಿಂದ ಬಿಡಿಸಿದರೆ ಇಡೀ ವ್ಯವಸ್ಥೆ ಸಡಿಲಗೊಳ್ಳುತ್ತದೆ ಎಂಬುದು ಅವರ ವಾದ. ಈ ವಾದಕ್ಕೆ ತೂಕವಿದೆ. ಲಕ್ಷಾಂತರ ಜನ ಒಂದೇ ಹೊತ್ತಿಗೆ ಆಚರಿಸುವ ಹಬ್ಬವೊಂದರ ಬಲ ಅದರ ನಿರಂತರತೆಯಲ್ಲಿಯೂ ಇರುತ್ತದೆ.

ಸಾಯನ ಪಕ್ಷದವರು, ಅಂದರೆ ರಾಶಿಗಳನ್ನು ವಿಷುವ ಬಿಂದುವಿನಿಂದ ಎಣಿಸುವವರು, ಅಯನವೆಂದರೆ ಸೂರ್ಯನ ಗತಿ, ಅದು ಋತುವಿಗೆ ಸೇರಿದ್ದು ಎನ್ನುತ್ತಾರೆ. ಉತ್ತರಾಯಣದ ಪುಣ್ಯಕಾಲವೆಂದು ಸಂಕಲ್ಪ ಮಾಡಿದ ಮೇಲೆ ಅದನ್ನು ಉತ್ತರಾಯಣ ಆಗುವ ದಿನವೇ ಆಚರಿಸಬೇಕಲ್ಲವೇ, ಇಪ್ಪತ್ತನಾಲ್ಕು ದಿನ ತಡವಾಗಿ ಏಕೆ? ತರ್ಕದ ದೃಷ್ಟಿಯಿಂದ ಈ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಆದರೆ ಇದನ್ನು ಒಪ್ಪಿದರೆ ಸಂಕ್ರಾಂತಿ ಡಿಸೆಂಬರಿಗೆ ಬರುತ್ತದೆ, ಅಧಿಕಮಾಸಗಳ ಲೆಕ್ಕ ಬದಲಾಗುತ್ತದೆ, ಹಲವು ವರ್ಷಗಳಲ್ಲಿ ಯುಗಾದಿ, ಗಣೇಶ ಚೌತಿ, ದೀಪಾವಳಿಗಳು ಒಂದು ತಿಂಗಳು ಹಿಂದಕ್ಕೆ ಹೋಗುತ್ತವೆ. ಒಂದೇ ಪೀಳಿಗೆಯಲ್ಲಿ ಇಷ್ಟನ್ನು ಜನ ಒಪ್ಪಿಕೊಳ್ಳುವುದು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ಮೂರನೆಯದು ನಡುವಿನ ದಾರಿ, ಮತ್ತು ಅದು ಹೊಸದೇನಲ್ಲ. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಆಡಳಿತದ ಬಳಕೆಗೆ ಅದು ಶುದ್ಧ ಋತುವರ್ಷದ ರಾಷ್ಟ್ರೀಯ ಪಂಚಾಂಗವನ್ನು ಸೂಚಿಸಿತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ಆ ಪಂಚಾಂಗದಲ್ಲಿ ಪೌಷ ಮಾಸದ ಮೊದಲ ದಿನ ಡಿಸೆಂಬರ್ 22, ಅಂದರೆ ಉತ್ತರಾಯಣಕ್ಕೆ ಹೊಂದಿಕೊಂಡ ದಿನ. ಧಾರ್ಮಿಕ ಪಂಚಾಂಗಕ್ಕೆ ಸಮಿತಿ ಕೊಟ್ಟ ಸಲಹೆ ಬೇರೆ: ಕಳೆದುಹೋದ 23 ದಿನಗಳನ್ನು ಹಿಂದಕ್ಕೆ ತರುವುದು ಬೇಡ, ಆದರೆ ಇನ್ನು ಮುಂದೆ ಜಾರದಂತೆ ಅಯನಾಂಶವನ್ನು 23 ಅಂಶ 15 ಕಲೆಗೆ (60 ಕಲೆ ಸೇರಿದರೆ ಒಂದು ಅಂಶ) ನಿಲ್ಲಿಸಿಬಿಡೋಣ. ಹಾಗೆ ಮಾಡಿದ್ದರೆ ಸಂಕ್ರಾಂತಿ ಜನವರಿಯ ಎರಡನೆಯ ವಾರದಲ್ಲಿಯೇ ಶಾಶ್ವತವಾಗಿ ನೆಲೆಸುತ್ತಿತ್ತು. ಆಡಳಿತದ ಪಂಚಾಂಗ ಇಂದಿಗೂ ಸರ್ಕಾರಿ ರಾಜಪತ್ರದಲ್ಲಿದೆ, ಕೋಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ರಾಷ್ಟ್ರೀಯ ಪಂಚಾಂಗವನ್ನು ಪ್ರಕಟಿಸುತ್ತದೆ. ಅಯನಾಂಶವನ್ನು ನಿಲ್ಲಿಸುವ ಸಲಹೆ ಮಾತ್ರ ಮನೆಮನೆಯ ಪಂಚಾಂಗಕ್ಕೆ ಬರಲಿಲ್ಲ.

ನನ್ನ ದೃಷ್ಟಿಯಲ್ಲಿ ಸಹಾ ಸಮಿತಿಯ ಸಲಹೆಯೇ ಹೆಚ್ಚು ವಿವೇಕದ್ದು, ಏಕೆಂದರೆ ಅದು ಯಾರ ಹಬ್ಬವನ್ನೂ ಕದಲಿಸುವುದಿಲ್ಲ. ಅಷ್ಟು ಆಗುವ ತನಕ ಎರಡು ಸಣ್ಣ ಕೆಲಸಗಳಿಂದಲೇ ಗೊಂದಲದ ಬಹುಪಾಲು ಕರಗುತ್ತದೆ. ಪಂಚಾಂಗಗಳು ಡಿಸೆಂಬರ್ 21 ಅಥವಾ 22ರ ಸಾಲಿನಲ್ಲಿ ಸಾಯನ ಉತ್ತರಾಯಣ ಎಂಬುದನ್ನು ಎದ್ದುಕಾಣುವಂತೆ ಅಚ್ಚು ಮಾಡಬಹುದು. ಸಂಕ್ರಾಂತಿಯ ಪುಟದಲ್ಲಿ ಪ್ರವೇಶದ ಹೊತ್ತನ್ನು ಮಾತ್ರ ಕೊಟ್ಟು ಸುಮ್ಮನಾಗದೆ, ಯಾವ ನಿಯಮದಿಂದ ಯಾವ ದಿನ ಎಂದು ಒಂದು ಸಾಲು ಸೇರಿಸಬಹುದು. ಓದುಗರಿಗೆ ಕಾರಣ ಗೊತ್ತಿದ್ದರೆ ಎರಡು ದಿನಾಂಕಗಳು ಅಷ್ಟಾಗಿ ಕಾಡುವುದಿಲ್ಲ.

ಏನೂ ಮಾಡದಿದ್ದರೆ ಆಗುವುದು

ಈಗಿನ ಕ್ರಮವೇ ಮುಂದುವರಿದರೆ 2100ರವರೆಗೆ 14 ಮತ್ತು 15ರ ನಡುವೆ ಪ್ರವೇಶದ ಈ ಓಲಾಟ ಇದ್ದೇ ಇರುತ್ತದೆ. 15ರ ಪಾಲು ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ. 2100ಕ್ಕೆ ಫೆಬ್ರವರಿ 29 ಇಲ್ಲದಿರುವುದರಿಂದ 2101ರಿಂದ ಜನವರಿ 14 ಪೂರ್ತಿಯಾಗಿ ಬಿಟ್ಟುಹೋಗಿ, ಪ್ರಶ್ನೆ 15ಕ್ಕೋ 16ಕ್ಕೋ ಎಂದಾಗುತ್ತದೆ. ಅದೇ ವರ್ಷ ರಷ್ಯಾದಲ್ಲಿಯೂ ಇಂತಹುದೇ ಒಂದು ಬದಲಾವಣೆ ಕಾದಿದೆ. ಹಳೆಯ ಜೂಲಿಯನ್ ಕ್ಯಾಲೆಂಡರನ್ನು ಬಿಡದ ಆರ್ಥೊಡಾಕ್ಸ್ ಚರ್ಚಿನ ಕ್ರಿಸ್ಮಸ್ ಈಗ ಜನವರಿ 7ಕ್ಕೆ ಬರುತ್ತಿದ್ದು, 2101ರಿಂದ ಜನವರಿ 8ಕ್ಕೆ ಹೋಗುತ್ತದೆ. ಅಲ್ಲಿನ ವರ್ಷಮಾನ 365.25 ದಿನ, ನಮ್ಮದು ಅದಕ್ಕಿಂತಲೂ ದೊಡ್ಡದು. ಆದ್ದರಿಂದ ನಮ್ಮ ಜಾರುವಿಕೆ ಅವರದಕ್ಕಿಂತ ವೇಗವಾದದ್ದು.

ಸಾವಿರ ವರ್ಷಕ್ಕೆ ಸುಮಾರು 14 ದಿನ. ಒಬ್ಬರ ಆಯುಷ್ಯದಲ್ಲಿ ಒಂದೇ ದಿನ. ಆದ್ದರಿಂದ ಯಾವ ತಲೆಮಾರಿಗೂ ಇದು ತುರ್ತೆನಿಸುವುದಿಲ್ಲ, ಸುಗ್ಗಿಯ ಹಬ್ಬ ಸುಗ್ಗಿಯಿಂದ ದೂರವಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಯುಗಾದಿಯದೂ ಇದೇ ಕಥೆ. ಅಯನಾಂಶ ಸೊನ್ನೆಯಿದ್ದ ಕಾಲದಲ್ಲಿ ವಸಂತ ವಿಷುವಕ್ಕೆ ಮುಂಚಿನ ಒಂದು ತಿಂಗಳೊಳಗೆ ಬರುತ್ತಿದ್ದ ಚೈತ್ರದ ಪಾಡ್ಯ, ಈಗ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ, ಬಿಸಿಲಿನ ಕಡೆಗೆ ಸರಿದಿದೆ.

ಗವಿಪುರದಲ್ಲಿ ಮಾತ್ರ ಇದು ಕಣ್ಣಿಗೆ ಕಾಣಲಿದೆ. ಈಗಿನ ಕಟ್ಟಡ ಹೀಗೆಯೇ ಉಳಿದರೆ, ಬೆಳಕಿನ ದಿನಗಳು ಋತುವಿಗೆ ಕಟ್ಟುಬಿದ್ದು ಜನವರಿ 13ರಿಂದ 16ರ ಸುಮಾರಿನಲ್ಲಿಯೇ ಇರುತ್ತವೆ. 2200ಕ್ಕೂ ಫೆಬ್ರವರಿ 29 ಇಲ್ಲ. 2201ರಿಂದ ಸಂಕ್ರಾಂತಿ ಜನವರಿ 17 ಮತ್ತು 18ಕ್ಕೆ ಹೋಗುತ್ತದೆ. ಆ ವರ್ಷ ಹಬ್ಬದ ಸಂಜೆ ಜನ ಸೇರಿ ಕಾಯುವ ಹೊತ್ತಿಗೆ, ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟಿ ಹೋಗಿ ಆಗಲೇ ಒಂದು ದಿನ ಕಳೆದಿರುತ್ತದೆ.